ದಸರಾ ಕಳೀಲಿ

ಕೆಂಪಾಜಮ್ಮ ಒಲೆಯ ಮುಂದೆ ಕೂತಲ್ಲಿಂದಲೇ ಕೂಗಿದಳು. "ಜಗಲಿ ಮೇಲೆ ಎಷ್ಟ್ ಜನ ಅವ್ರೆ ನೋಡು ಸುಬ್ಬಿ."

ಸುಬ್ಬಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನಡುಬಾಗಿಲಿಂದ ಇಣುಕಿದಳು. "ಏಳು. ಅಲ್ಲ ಅತ್ತಿಗೆ, ಎಂಟು. ಇನ್ನೊಬ್ಬ ಚಪ್ಪಲಿ ಬುಡ್ತಾವ್ನೆ."

"ಚಪ್ಪಲಿ ಬುಟ್ಟ ಅಂದ್ರೆ ಉಂಡೇ ಓಯ್ತನೆ." ಕೆಂಪಾಜಮ್ಮ ಇನ್ನೊಂದು ಬೊಗಸೆ ಹಿಟ್ಟನ್ನು ಎಸರಿಗೆ ಸುರಿದು ಕೋಲು ಹಾಕಿದಳು.

ಸೋಮನಾಥಪುರದ ಆ ಮನೆಯಲ್ಲಿ ಐದು ವರ್ಷದಿಂದ ಬೆಳಗಾದರೆ ಇದೇ ಪಾಡು. ಮನೆಯ ಯಜಮಾನ ಬೆಟ್ಟಯ್ಯ ತಾಲ್ಲೂಕಿನ ಪರವಾಗಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮೆಂಬರಾಗಿದ್ದ. ಸಭೆ ಕೂಡುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರಾ ಹೊತ್ತಿನಲ್ಲಿ ಕೆಲವೇ ದಿನ. ಆದರೆ ಅಹವಾಲು ಹೇಳಿಕೊಳ್ಳುವವರಿಗೆ ದಸರಾ ಏನು, ಯುಗಾದಿ ಏನು. ಕೆರೆ ತೂಬು ಸೋರುತ್ತದೆ ಎಂದು ಒಬ್ಬ, ಆಚೆ ಊರಿನ ಸ್ಕೂಲಿಗೆ ಮೇಷ್ಟರಿಲ್ಲ ಎಂದು ಒಬ್ಬ, ಪಟೇಲ ನನ್ನ ಎಮ್ಮೆಯನ್ನು ದೊಡ್ಡಿಗೆ ಕೂಡಿಸಿದ ಎಂದು ಮತ್ತೊಬ್ಬ. ಎಮ್ಮೆಯ ವಿಷಯ ದಿವಾನರ ಮುಂದೆ ಹೇಳುವಂಥದ್ದಲ್ಲ ಎಂದರೆ ಆತ ಕೇಳುವವನೂ ಅಲ್ಲ. ಹೊತ್ತು ನೆತ್ತಿಗೆ ಬರುವ ತನಕ ಹೇಳಿ, ಉಂಡು, ಕೈ ತೊಳೆದು ಎದ್ದು ಹೋಗುತ್ತಿದ್ದರು. ರಾಗಿ ಬೀಸುವವಳು ಮಾತ್ರ ಒಬ್ಬಳೇ. ಬೀಸುಕಲ್ಲಿನ ಗೂಟ ಹಿಡಿದೂ ಹಿಡಿದೂ ಕೆಂಪಾಜಮ್ಮನ ಅಂಗೈ ಗಂಟುಗಟ್ಟಿತ್ತು.

ಅವಳ ಗಂಡ ಶಿವಣ್ಣನ ಪಾಡೂ ಅಷ್ಟೇ. ಅಪ್ಪ ಜಗಲಿಯಲ್ಲಿ ಕೂತು ರಾಜ್ಯ ಆಳುತ್ತಿದ್ದರೆ ನಾಟಿ, ಕಳೆ, ಕೊಯ್ಲು ಎಲ್ಲಾ ಮಗನ ತಲೆಗೇ ಬಿದ್ದಿತ್ತು. ಆದರೆ ಇವರಿಬ್ಬರ ಕಷ್ಟವಾದರೂ ಮೈ ಮುರಿದು ದುಡಿದರೆ ತೀರುವಂಥದ್ದು. ಸುಬ್ಬಿಯದು ಹಾಗಲ್ಲ.

ಸುಬ್ಬಿ ಎಂದರೆ ಬೆಟ್ಟಯ್ಯನ ಮಗಳು ಸುಬ್ಬಲಕ್ಷ್ಮಮ್ಮ. ತಾಂಡವಪುರದ ಚೆಲುವಯ್ಯನ ಮಗ ಜವರಯ್ಯನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಗಂಡು ಹೆತ್ತಳು. ಐದನೇ ತಿಂಗಳಲ್ಲಿ ಗಂಡನ ಕಡೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಐದು ಕಳೆಯಿತು, ಆರು ಕಳೆಯಿತು. ಆಷಾಢ ಅಲ್ಲವೇ, ಅದಕ್ಕೇ ಬಂದಿಲ್ಲ ಎಂದು ಕೇಳಿದವರಿಗೆ ಹೇಳಿದರು. ಶ್ರಾವಣವೂ ಹುಟ್ಟಿತು. ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಊರ ಹೆಂಗಸರು ನೀರಿಗೆ ಹೋದಲ್ಲಿ, "ಯಾಕವ್ವ ಸುಬ್ಬಿ, ಇನ್ನೂ ಇಲ್ಲೇ ಇದ್ದೀಯೆ?" ಎಂದು ಕೇಳುವುದು ತಪ್ಪಲಿಲ್ಲ. ಅವಳು ಕೆರೆಗೆ ಹೋಗುವುದನ್ನೇ ಬಿಟ್ಟಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ಮದುವೆಯ ದಿನ ಹತ್ತು ಜನರ ಮುಂದೆ ವೀಳ್ಯ ಹಿಡಿದು ಬೆಟ್ಟಯ್ಯ, ಮಗಳಿಗೆ ಬಳುವಳಿಯಾಗಿ ಕೆರೆ ಬಯಲಿನ ಮೂರು ಎಕರೆ ಗದ್ದೆ ಕೊಡುತ್ತೇನೆ ಎಂದಿದ್ದ. ಮೂರು ವರ್ಷವಾಗಿತ್ತು. ಗದ್ದೆ ಅಲ್ಲೇ ಇತ್ತು, ಮಾತೂ ಅಲ್ಲೇ ಇತ್ತು.

ಅವತ್ತು ಎಂಟು ಜನರೂ ಉಂಡು ಹೋದ ಮೇಲೆ ಬೆಟ್ಟಯ್ಯ ಊಟಕ್ಕೆ ಕೂತ. ಹೆಂಡತಿ ಸಣ್ಣತಾಯಮ್ಮ ಉಪ್ಪುಸಾರು ಬಡಿಸುತ್ತಾ ಕೇಳಿದಳು. "ಆ ಗದ್ದೆ ವಿಷ್ಯ ಏನ್ ಮಾಡಿದ್ರಿ?"

"ದಸರಾ ಕಳೀಲಿ."

"ವೋದ್ ವರ್ಷನೂ ಇದೇ ಅಂದ್ರಿ."

"ವೋದ್ ವರ್ಷದ ದಸರಾ ಬ್ಯಾರೆ. ಈ ಸಲ ದಸರಾ ಕಳೆದು ಎರಡ್ ತಿಂಗಳಿಗೆ ಹೊಸ ಪಟ್ಟಿ ಮಾಡ್ತಾರೆ. ನೂರು ರೂಪಾಯಿಗೆ ಮೇಲ್ಪಟ್ಟು ಕಂದಾಯ ಕಟ್ಟೋನ ಹೆಸ್ರೇ ಅದ್ರಲ್ಲಿ ಬರೋದು. ನಮ್ದು ನೂರಾ ಏಳು. ಮೂರೆಕರೆ ಗದ್ದೆ ವೋಯ್ತು ಅಂದ್ರೆ ತೊಂಬತ್ತಕ್ಕಿಂತ ಕೆಳಕ್ಕಿಳೀತದೆ. ಆಮೇಲೆ ಮೆಂಬರ್‌ಗಿರಿ ಎಲ್ಲಿ ಬಂತು?"

"ಏಳ್ ರೂಪಾಯಿ ಮೇಲೆ ನಿಂತದೆ ಅನ್ನಿ ನಿಮ್ಮ ಮೆಂಬರ್‌ಗಿರಿ," ಎಂದ ಶಿವಣ್ಣ, ತಟ್ಟೆಯಿಂದ ತಲೆ ಎತ್ತದೆ.

"ನೀನ್ ಸುಮ್ನಿರ್ಲಾ. ಪಟ್ಟಿ ಆಯ್ತಿದ್ದಂಗೆ ನಾನೇ ನಿಂತು ಖಾತೆ ಮಾಡಿಸ್ಕೊಡ್ತೀನಿ."

"ಆಮೇಲೂ ಮೂರ್ ವರ್ಷಕ್ಕೆ ಇನ್ನೊಂದು ಪಟ್ಟಿ ಬತ್ತದಲ್ಲ ಅಪ್ಪಯ್ಯ."

ಬೆಟ್ಟಯ್ಯ ಮುದ್ದೆ ಮುರಿದ. ಸುಬ್ಬಿ ಕೂಸನ್ನು ಎತ್ತಿಕೊಂಡು ಹಿತ್ತಿಲ ಕಡೆ ಹೋದಳು. ದಸರಾ ಕಳೀಲಿ ಎನ್ನುವುದು ಆ ಮನೆಯಲ್ಲಿ ಎಲ್ಲದಕ್ಕೂ ಉತ್ತರವಾಗಿಹೋಗಿತ್ತು. ಹಿತ್ತಿಲ ಗೋಡೆ ಬಿದ್ದರೆ ದಸರಾ ಕಳೀಲಿ, ಎತ್ತಿಗೆ ಲಾಳ ಸವೆದರೆ ದಸರಾ ಕಳೀಲಿ. ಕೆಂಪಾಜಮ್ಮ ರೋಸಿಹೋಗಿ, ಉಪ್ಪು ಕೇಳಿದ ಗಂಡನಿಗೂ ಒಂದು ದಿನ ಅದನ್ನೇ ಹೇಳಿದ್ದಳು.

ಬೆಟ್ಟಯ್ಯ ಕೆಟ್ಟವನೇನಲ್ಲ. ಧಾತು ಸಂವತ್ಸರದ ಬರದಲ್ಲಿ ಕೊಳ್ಳೇಗಾಲದ ಕಡೆಯಿಂದ, ಎಂದರೆ ಇಂಗ್ಲಿಷರ ಸೀಮೆಯಿಂದ, ತಲಕಾಡಿನ ಹತ್ತಿರ ಹರಿಗೋಲು ಹತ್ತಿ ಹೊಳೆ ದಾಟಿ ಬಂದವನು. ಆಗ ಅವನಿಗೆ ಹದಿನೆಂಟು. ಹೆಗಲ ಮೇಲೊಂದು ಕಂಬಳಿ ಬಿಟ್ಟರೆ ಬೇರೇನಿರಲಿಲ್ಲ. ಸಣ್ಣತಾಯಮ್ಮನ ತಂದೆ ದೊಡ್ಡತಮ್ಮಯ್ಯ ಅನ್ನ ಹಾಕಿ ಹೊಲಗದ್ದೆಯ ಆರಂಬಕ್ಕೆ ಇಟ್ಟುಕೊಂಡ. ಹುಡುಗನ ದುಡಿಮೆ ನೋಡಿ, "ಈ ಮನೇಲೇ ಇರು. ಮಗಳನ್ನೂ ಕೊಡ್ತೀನಿ, ಭೂಮಿನೂ ಕೊಡ್ತೀನಿ," ಎಂದ. ಹೊರಗಿನವನಿಗೆ ಭೂಮಿ ಕೊಟ್ಟರೆ ದಾಯಾದಿಗಳು ಸುಮ್ಮನಿರುವುದಿಲ್ಲವೆಂದು ಮಗಳ ಹೆಸರಿಗೇ ಖಾತೆ ಮಾಡಿಸಿ ಕಣ್ಣು ಮುಚ್ಚಿದ. ಮುಂದೆ ಬೆಟ್ಟಯ್ಯ ತಾನೂ ದುಡಿದು ಅಷ್ಟೇ ಭೂಮಿ ಸೇರಿಸಿದ. ಆದರೂ ಊರಿನವರ ಬಾಯಲ್ಲಿ ಅವನು ಸಣ್ಣತಾಯಿ ಗಂಡ, ಇಲ್ಲವೇ ಹೊಳೆಯಾಚೆ ಬೆಟ್ಟ. ಹೆಂಡತಿಯ ಕಂದಾಯವನ್ನೂ ಗಂಡನೇ ಕಟ್ಟುತ್ತಾನೆಂದು ಎರಡನ್ನೂ ಕೂಡಿಸಿ ಅವನ ಲೆಕ್ಕಕ್ಕೆ ಹಿಡಿದು ಪಟ್ಟಿಗೆ ಸೇರಿಸಿದ ಮೇಲೆಯೇ ಮೆಂಬರ್ ಬೆಟ್ಟಯ್ಯನೋರು ಎನ್ನಿಸಿಕೊಂಡದ್ದು. ಮೂವತ್ತು ವರ್ಷ ಕಾದು ಸಿಕ್ಕಿದ ಹೆಸರನ್ನು ಬಿಡುವುದು ಅವನ ಕೈಲಾಗಲಿಲ್ಲ. ಅದಕ್ಕೆ ಮಗಳು ತೆರಬೇಕಾಯಿತು ಎನ್ನುವುದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಶ್ರಾವಣದ ಎರಡನೇ ವಾರ ತಾಂಡವಪುರದಿಂದ ಬೆಲ್ಲದ ಗಾಡಿಯವನೊಬ್ಬ ಮಾತು ತಂದ. ಅವನು ಜಗಲಿಯ ಅಂಚಿನಲ್ಲಿ ಕೂತು, ಎರಡು ಸಲ ಗಂಟಲು ಸರಿ ಮಾಡಿಕೊಂಡು ಹೇಳಿದ. "ಚೆಲುವಯ್ಯನೋರು ಯೋಳಿ ಕಳಿಸವ್ರೆ. ಮೆಂಬರ್ರು ಊರಿನ ಅಹವಾಲೆಲ್ಲಾ ಕೇಳ್ತಾರಂತೆ, ಬೀಗರ ಅಹವಾಲೂ ಒಂದ್ ಕೇಳ್ಲಿ ಅಂದ್ರು. ಖಾತೆ ಕಾಗದ ಕೈಗೆ ಬಂದ ದಿನ ಗಾಡಿ ಕಟ್ತಾರಂತೆ. ಅಲ್ಲಿಗಂಟ ಸೊಸೆ ಅಲ್ಲೇ ಇರ್ಲಿ ಅಂತ ಅಂದ್ರು."

"ಗದ್ದೆಗೇ ಸಂಬಂಧ ಮಾಡಿದ್ನಾ ಅವ್ನು?" ಬೆಟ್ಟಯ್ಯ ಸಿಡಿದ. "ಮಗಳಿಗೆ ಇಲ್ಲಿ ಅನ್ನ ಇಲ್ವಾ?"

ಸಣ್ಣತಾಯಮ್ಮ ಒಳಗಿಂದಲೇ ಹೇಳಿದಳು. "ಅನ್ನ ಊರ ಜನಕ್ಕೆಲ್ಲಾ ಅದೆ ಈ ಮನೇಲಿ. ಅವಳಿಗೆ ಇಲ್ದೇ ಇರೋದು ಗಂಡನ ಮನೆ."

ಗಾಡಿಯವನೂ ಉಂಡೇ ಹೋದ. ಅವತ್ತು ಮುದ್ದೆ ಹನ್ನೊಂದಾದವು.

ಕೂಸಿಗೆ ಒಂಬತ್ತು ತಿಂಗಳು ತುಂಬುವುದರೊಳಗೆ ನಂಜನಗೂಡಿನಲ್ಲಿ ಮುಡಿ ಕೊಡುವುದೆಂದು ಎರಡೂ ಮನೆಯವರು ಹಿಂದೆಯೇ ಹರಕೆ ಹೊತ್ತಿದ್ದರು. ಬೆಟ್ಟಯ್ಯನಿಗೆ ಆ ವಾರ ಬಂದವರ ಅಹವಾಲುಗಳನ್ನು ಚೀಟಿಯಲ್ಲಿ ಬರೆಸುವ ಕೆಲಸವಿತ್ತು. ಶಿವಣ್ಣನೇ ಗಾಡಿ ಕಟ್ಟಿ ತಾಯಿ, ತಂಗಿ, ಕೂಸನ್ನು ಕೂರಿಸಿಕೊಂಡು ಹೊರಟ. ಸೋಮವಾರ ಬೆಳಿಗ್ಗೆ ಕಪಿಲೆಯ ದಡದಲ್ಲಿ ಶಿವಣ್ಣನ ತೊಡೆಯ ಮೇಲೆ ಕೂಸನ್ನು ಕೂರಿಸಿ ಕ್ಷೌರದವನು ಕೂದಲಿಗೆ ನೀರು ಸವರುವಷ್ಟರಲ್ಲಿ ಅಳಿಯ ಜವರಯ್ಯ ಬಂದ. ಒಬ್ಬನೇ ಬಂದಿದ್ದ. ಕೂಸು ಅವನನ್ನು ನೋಡಿದ್ದೇ ಹೊಸಬನೆಂದು ಹೆದರಿ ಅರಚಿತು. ಹೆತ್ತ ಅಪ್ಪನನ್ನು ಕಂಡು ಮಗು ಮಾವನ ಎದೆಗೆ ಅವುಚಿಕೊಂಡದ್ದನ್ನು ನೋಡಿ ಸುಬ್ಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪೂಜೆ ಮುಗಿದ ಮೇಲೆ ಗಾಡಿಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರು. ಜವರಯ್ಯ ಮೊಸರನ್ನದ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದ. "ನಾನೇನ್ ಮಾಡ್ಲಿ ಅತ್ತೆ. ಊರಿನ ಮುಂದೆ ಯೋಳ್ಕಂಡು ತಿರುಗಾಡಿದ ಮಾತು, ಈಗ ತಲೆ ಎತ್ಕಂಡು ಓಡಾಡಕ್ಕಾಯ್ತಿಲ್ಲ ಅಂತಾನೆ ನಮ್ಮಪ್ಪ. ಅವ್ನಿಗೆ ಆ ಗದ್ದೆನೇ ಆಗ್ಬೇಕು ಅಂತಿಲ್ಲ. ನಿಮ್ಮನೆ ಗದ್ದೆ ಯಾವ್ದಾದ್ರೂ ಸರಿ, ಮಾತು ನಡೀಬೇಕು, ಅಷ್ಟೇ."

"ಯಾವ್ದಾದ್ರೂ ಸರಿ ಅಂದ್ನಾ?"

"ಅಂದ."

ಸಣ್ಣತಾಯಮ್ಮ ಬುತ್ತಿ ಕಟ್ಟಿದಳು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಮಗನನ್ನು ಕೇಳಿದಳು. "ಶಿವಣ್ಣ, ನಮ್ಮಪ್ಪನ ಗದ್ದೆ ಖಾತೆ ಈಗ್ಲೂ ನನ್ನ ಹೆಸ್ರಲ್ಲೇ ಅದಲ್ವಾ?"

"ಅದೆ. ಶ್ಯಾನುಭೋಗ್ರು ವರ್ಷಾ ವರ್ಷಾ ನಿನ್ನ ಹೆಸ್ರೇ ಕೂಗಿ ರಸೀದಿ ಕೊಡದು. ಯಾಕವ್ವ?"

"ಸುಮ್ನೆ ಕೇಳ್ದೆ." ಎಷ್ಟೋ ವರ್ಷದಿಂದ ಅದು ತನ್ನದೆನ್ನುವುದೇ ಅವಳಿಗೆ ಮರೆತುಹೋಗಿತ್ತು. ಉಳುವವನು ಗಂಡ, ಕಂದಾಯ ಕಟ್ಟುವವನು ಗಂಡ, ಲೆಕ್ಕವೂ ಗಂಡನದೇ.

ಮುಂದಿನ ನರಸೀಪುರದ ಸಂತೆಗೆ ಅವಳು ಮಗನ ಜೊತೆ ಹೋದಳು. ಮೆಣಸಿನಕಾಯಿ, ಉಪ್ಪು ಕೊಂಡಾದ ಮೇಲೆ, "ಕಚೇರಿ ತಾವ ನಡಿ," ಎಂದಳು. ಶಿವಣ್ಣನಿಗೆ ಆಗ ಅರ್ಥವಾಯಿತು.

"ಅಪ್ಪಯ್ಯಂಗೆ ಯೋಳಿದ್ಯಾ?"

"ಮೂರ್ ವರ್ಷದಿಂದ ಯೋಳ್ತಾವ್ನಿ. ಇನ್ನೆಷ್ಟ್ ಯೋಳ್ಲಿ?"

ಕಚೇರಿ ಮುಂದಿನ ಮರದಡಿಯಲ್ಲಿ ಅರ್ಜಿ ಬರೆಯುವವನು ಕಾಗದ ತೆಗೆದ. ನನ್ನ ತಂದೆಯಿಂದ ಬಂದು ನನ್ನ ಖಾತೆಯಲ್ಲಿರುವ ಮೂರು ಎಕರೆ ಗದ್ದೆಯನ್ನು ಮಗಳು ಸುಬ್ಬಲಕ್ಷ್ಮಮ್ಮನಿಗೆ ಬಳುವಳಿಯಾಗಿ ಕೊಟ್ಟಿದ್ದೇನೆ, ಅವಳ ಹೆಸರಿಗೆ ಖಾತೆ ಮಾಡಿಕೊಡಬೇಕು ಎಂದು ಬರೆದು ಓದಿ ಹೇಳಿದ. ದಾನಪತ್ರವನ್ನೂ ಅಲ್ಲೇ ಬರೆಸಿದರು. ಎರಡಕ್ಕೂ ಅವಳು ಹೆಬ್ಬೆಟ್ಟು ಒತ್ತಿದಳು. ರಿಜಿಸ್ಟರಿಯ ಕೆಲಸ ಸಂಜೆಯೊಳಗೆ ಮುಗಿಯಿತು. ಒಳಗೆ ಗುಮಾಸ್ತ ಅರ್ಜಿ ತೆಗೆದುಕೊಂಡು ತನ್ನ ಪಕ್ಕದ ಕಟ್ಟುಗಳನ್ನು ತೋರಿಸಿದ. ಅವು ಅವನ ಮೊಣಕಾಲೆತ್ತರ ಇದ್ದವು.

"ಇವೆಲ್ಲಾ ಖಾತೆ ಅರ್ಜಿಗಳೇ ತಾಯಿ. ಸರದಿ ಪ್ರಕಾರ ಬರಬೇಕು. ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತೆ."

"ಅಷ್ಟೊತ್ತಿಗೆ ಕೂಸು ಓಡಾಡ್ತದೆ ಕಣಪ್ಪ."

"ನಾನು ಏನು ಮಾಡಲಿ ತಾಯಿ, ಎಲ್ಲಾ ತಾಲ್ಲೂಕಿನಲ್ಲೂ ಇದೇ ಕಥೆ."

ಮನೆಗೆ ಬರುವಾಗ ಶಿವಣ್ಣ, "ಹೆಬ್ಬೆಟ್ಟು ಒತ್ತಿದ್ದು ದಂಡ," ಎಂದು ಗೊಣಗಿದ. ಕಟ್ಟಿಗೆ ಒಂದು ಕಾಗದ ಸೇರಿತೇ ಹೊರತು ಮನೆಯಲ್ಲಿ ಏನೂ ಬದಲಾಗಲಿಲ್ಲ. ಸುಬ್ಬಿಗೆ ವಿಷಯ ಹೇಳಿದಾಗ ಅವಳು ತಾಯಿಯ ಮುಖವನ್ನೇ ನೋಡಿ, "ಅಪ್ಪಯ್ಯಂಗೆ ಗೊತ್ತಾದ್ರೆ?" ಎಂದಷ್ಟೇ ಕೇಳಿದಳು.

ಗೌರಿ ಹಬ್ಬಕ್ಕೂ ತಾಂಡವಪುರದಿಂದ ಯಾರೂ ಬರಲಿಲ್ಲ. ಅದಾದ ಮೇಲೆ ಬೆಟ್ಟಯ್ಯನ ಅರಿಕೆಯ ಗೋಳು ಸುರುವಾಯಿತು. ಹಿಂದಿನ ನಾಲ್ಕೈದು ದಸರೆಗಳಲ್ಲಿ ಅವನು ಹೇಳಿದ್ದಕ್ಕೆಲ್ಲ ಸರ್ಕಾರದ ಕಡೆಯಿಂದ ಬಂದ ಉತ್ತರ ಒಂದೇ, ಪರಿಶೀಲನೆಯಲ್ಲಿದೆ. ತೂಬು ಪರಿಶೀಲನೆಯಲ್ಲಿತ್ತು, ಮೇಷ್ಟರು ಪರಿಶೀಲನೆಯಲ್ಲಿದ್ದರು. ಮೆಂಬರ್ರು ಕೋಟು ಹಾಕಿಕೊಂಡು ಹೋಗಿ ಬರುವುದಷ್ಟೇ ಎಂದು ನರಸೀಪುರದಲ್ಲಿ ನಗುತ್ತಿದ್ದಾರೆಂಬ ಸುದ್ದಿಯೂ ಬಂದಿತ್ತು. ಈ ಸಲ ಒಂದಾದರೂ ಗೆಲ್ಲಬೇಕು. ಹೇಳಲು ಸಿಗುವುದು ಎರಡೋ ಮೂರೋ ವಿಷಯ. ಇಪ್ಪತ್ತು ಚೀಟಿ ಹರಡಿಕೊಂಡು ಅವನು ನಡುಮನೆಯಲ್ಲಿ ಮೂರು ದಿನ ಕೂತ. ಯಾರೂ ಅತ್ತಿತ್ತ ಓಡಾಡುವ ಹಾಗಿಲ್ಲ, ಚೀಟಿ ಹಾರುತ್ತದೆ.

"ಕಸ ಗುಡಿಸ್ಬೇಕು ಮಾವ," ಎಂದಳು ಕೆಂಪಾಜಮ್ಮ, ಪೊರಕೆ ಹಿಡಿದು.

"ಇದು ತಾಲ್ಲೂಕಿನ ಕೆಲಸ ಕಣವ್ವ. ಯಾವ್ದು ಮೊದಲು ಅಂತ ತೂಗಿ ನೋಡ್ಬೇಕು."

"ಅದೇನ್ ತೂಗೋದು? ನನ್ನ ಕೇಳಿ, ಯೋಳ್ತೀನಿ. ನಿಮ್ಮ ತಾವ ಬರೋರು ಇಬ್ರಲ್ಲಿ ಒಬ್ಬ ಖಾತೆ ಖಾತೆ ಅಂತಾನೇ ಬರೋದು. ಅಪ್ಪ ಸತ್ತು ನಾಕ್ ವರ್ಷ ಆಯ್ತು, ಖಾತೆ ಆಗಿಲ್ಲ ಅಂತಾನೆ. ಕೊಂಡು ಮೂರ್ ವರ್ಷ ಆಯ್ತು, ಖಾತೆ ಆಗಿಲ್ಲ ಅಂತಾನೆ. ತೂಬಿನೋರು ಒಂದ್ ಸಲ ಉಂಡು ಓಯ್ತಾರೆ. ಖಾತೆಯೋರು ತಿಂಗಳಿಗೊಂದ್ ಸಲ ಬತ್ತಾರೆ. ಆ ಚಿಕ್ಕಮಾದು ಒಬ್ನೇ ಹದಿನಾಲ್ಕ್ ಸಲ ಉಂಡವ್ನೆ ಈ ಮನೇಲಿ. ನನ್ನ ರಟ್ಟೆಗೆ ಗೊತ್ತು ಯಾವ್ದು ಮೊದ್ಲು ಅಂತ."

ಬೆಟ್ಟಯ್ಯ ಚೀಟಿಗಳನ್ನು ಮತ್ತೊಮ್ಮೆ ಎತ್ತಿ ಎಣಿಸಿದ. ಸೊಸೆ ಹೇಳಿದ್ದು ಸುಳ್ಳಾಗಿರಲಿಲ್ಲ. ಆಗ ಸಣ್ಣತಾಯಮ್ಮ ಅಡಿಗೆ ಕೋಣೆಯಿಂದ ಬಂದು ಕಂಬಕ್ಕೆ ಒರಗಿ ನಿಂತಳು.

"ಅದನ್ನೇ ಯೋಳಿ. ಎಲ್ಲಾ ತಾಲ್ಲೂಕಲ್ಲೂ ಇದೇ ಕಥೆಯಂತೆ. ಬ್ಯಾರೆ ಮೆಂಬರ್ರೂ ನಿಮ್ಮ ಜೊತೆ ದನಿಗೂಡಿಸ್ತಾರೆ."

"ಎಲ್ಲಾ ತಾಲ್ಲೂಕಲ್ಲೂ ಅಂತ ನಿಂಗ್ಯಾರ್ ಯೋಳಿದ್ರು?"

"ಸಂತೇಲಿ ಕೇಳ್ದೆ," ಎಂದಳು ಅವಳು. ಶಿವಣ್ಣ ಎದ್ದು ಕೊಟ್ಟಿಗೆಗೆ ಹೋದ.

ಸರಿ, ಆ ಒಂದೇ ಅರಿಕೆಯನ್ನು ಊರ ಮೇಷ್ಟರಿಂದ ಆರು ಸಲ ಬರೆಸಿದ. ಕನ್ನಡಿ ಮುಂದೆ ನಿಂತು ಓದಿದ, ಎತ್ತುಗಳ ಮುಂದೆ ಓದಿದ. ದಸರಾ ಸನಿಹವಾಯಿತು. ಉದ್ದನೆ ಕೋಟು ಹೊರಬಂತು, ತೋಳಿನಲ್ಲಿ ಇಲಿ ಕಡಿದ ತೂತನ್ನು ಸುಬ್ಬಿ ಹೊಲಿದು ಮುಚ್ಚಿದಳು. ಸರಿಗೆ ರುಮಾಲು ಸುತ್ತಲು ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಶಿವಣ್ಣ ಒಂದು ತುದಿ ಹಿಡಿದುಕೊಂಡು ಅಂಗಳದ ತುಂಬಾ ಸುತ್ತಬೇಕಾಯಿತು. ಗದ್ದೆಗೆ ನೀರು ಕಟ್ಟುವ ಹೊತ್ತು ಮೀರುತ್ತಿದೆ ಎಂದು ಅವನು ಸುತ್ತುವಷ್ಟು ಸಲವೂ ಹೇಳಿದ.

ಆ ವರ್ಷ ಬೆಟ್ಟಯ್ಯನ ಅದೃಷ್ಟ ಖುಲಾಯಿಸಿತು. ಮೈಸೂರಿನಲ್ಲಿ ಅವನು ಅರಿಕೆ ಓದಿದಾಗ ಹಿಂದುಗಡೆಯಿಂದ ಒಬ್ಬ, ಬಲಗಡೆಯಿಂದ ಇಬ್ಬರು, ನಮ್ಮಲ್ಲೂ ಹೀಗೇ ಎಂದು ಎದ್ದು ನಿಂತರು. ದಿವಾನರ ಉತ್ತರದಲ್ಲಿ ಪರಿಶೀಲನೆ ಎನ್ನುವ ಮಾತು ಬರಲಿಲ್ಲ. ಉಳಿದುಹೋದ ಖಾತೆ ಅರ್ಜಿಗಳನ್ನೆಲ್ಲ ಎರಡು ತಿಂಗಳೊಳಗೆ ತೀರ್ಮಾನಿಸಬೇಕೆಂದು ತಾಲ್ಲೂಕುಗಳಿಗೆ ಹುಕುಂ ಹೋಗುತ್ತದೆ ಎಂದು ಹೇಳಿದರು. ಬೆಟ್ಟಯ್ಯ ವಿಜಯದಶಮಿಯ ಮಾರನೆ ದಿನ ಬೆಣ್ಣೆ ಬಿಸ್ಕತ್ತು, ಮೊಮ್ಮಗನಿಗೆ ಕುಲಾವಿ, ಕೆಂಪಾಜಮ್ಮನಿಗೊಂದು ಸೀರೆ ಹೊತ್ತುಕೊಂಡು ಊರಿಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ. "ಗೆದ್ದೆ ಕಣೇ."

ಸಣ್ಣತಾಯಮ್ಮ ಅವನ ಕಾಲಿಗೆ ನೀರು ಕೊಟ್ಟಳು. "ಎರಡ್ ತಿಂಗಳೊಳಗೇ ಅಂದ್ರಾ?"

"ಎರಡೇ ತಿಂಗಳು. ಯಾರ್ ಅರ್ಜಿನೂ ನಿಲ್ಲಂಗಿಲ್ಲ."

"ದಸರಾ ಕಳೀತು," ಎಂದಳು ಅವಳು. ಅವನಿಗೆ ಸರಿಯಾಗಿ ಕೇಳಿಸಲಿಲ್ಲ.

ಹುಕುಂ ನಿಜವಾಗಿಯೂ ಬಂತು. ಕಾರ್ತಿಕದಲ್ಲಿ ಮೊದಲ ಕಟ್ಟು ಬಿಚ್ಚಿದರು. ಖಾತೆಯಾದವರು ಬಾಳೆಗೊನೆ, ಬೆಲ್ಲ ಹೊತ್ತುಕೊಂಡು ಮೆಂಬರ್ರನ್ನು ಕಾಣಲು ಬಂದರು. ಬಂದವರೆಲ್ಲ ಚಪ್ಪಲಿ ಬಿಟ್ಟರು. ಗೆದ್ದರೆ ಮುದ್ದೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದ ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು.

ಒಂದು ದಿನ ಅದೇ ಜಗಲಿಗೆ ಶ್ಯಾನುಭೋಗರು ಬಂದರು. ಅವರು ಕನ್ನಡಕ ಏರಿಸಿ ಕಾಗದ ಬಿಚ್ಚಿ, ಬೆಟ್ಟಯ್ಯನ ಮುಖ ನೋಡದೆ ಹೇಳಿದರು. "ನೋಟೀಸು ಬಂದಿದೆ. ನಿಮ್ಮ ಮನೆಯಾಕೆ ತಮ್ಮ ಮೂರು ಎಕರೆಯನ್ನು ಮಗಳ ಹೆಸರಿಗೆ ಮಾಡಿದ್ದಾರೆ. ತಕರಾರು ಇದ್ದರೆ ಹದಿನೈದು ದಿನದೊಳಗೆ ಕೊಡಬೇಕು. ಇಲ್ಲದಿದ್ದರೆ ಖಾತೆ ಆಗಿಬಿಡುತ್ತೆ. ಈಗೆಲ್ಲಾ ಬೇಗ, ನಿಮಗೇ ಗೊತ್ತಲ್ಲ."

ಬೆಟ್ಟಯ್ಯ ಒಳಗೆ ಬಂದ. ಸಣ್ಣತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ನನ್ನ ಕತ್ತು ಕುಯ್ದುಬುಟ್ಟಲ್ಲ."

"ನಿಮ್ಮ ಗದ್ದೆ ಮುಟ್ನಿಲ್ಲ. ನಮ್ಮಪ್ಪ ಕೊಟ್ಟಿದ್ದನ್ನ ಕೊಟ್ಟೆ."

"ಮುಂದಿನ ತಿಂಗಳು ಪಟ್ಟಿ. ಲೆಕ್ಕ ನೂರಕ್ಕೆ ಮುಟ್ಟಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ನನ್ನ ಬಾಯಲ್ಲೇ ಆ ಅರಿಕೆ ಯೋಳಿಸ್ದೆ."

"ಯೋಳಿಸ್ದೆ. ಅದ್ರಿಂದ ನೂರಾರು ಜನಕ್ಕೆ ಒಳ್ಳೇದಾಯ್ತು. ಅದ್ರಲ್ಲಿ ನಿಮ್ಮ ಮಗಳೂ ಒಬ್ಳು. ಅದ್ಕೆ ಯಾಕ್ ಉರೀಬೇಕು?" ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ನಮ್ಮಪ್ಪ ನಿಮಗೊಂದು ಮಾತು ಕೊಟ್ಟಿದ್ದ. ಅವ್ನೂ ದಸರಾ ಕಳೀಲಿ ಅಂದಿದ್ರೆ ನೀವು ಇವತ್ತು ಎಲ್ಲಿರ್ತಿದ್ರಿ? ಕಂಬಳಿ ಹೆಗಲಿಗಾಕ್ಕಂಡು ವೊಳೆ ದಾಟಿ ವಾಪಸ್ ಓಯ್ತಿದ್ರಿ."

ಆ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಹೊಳೆಯ ಮಾತು ಎತ್ತಿ ಆಡಿರಲಿಲ್ಲ. ಅವನು ಉಣ್ಣದೆ ಹೋಗಿ ಜಗಲಿಯಲ್ಲಿ ಮಲಗಿದ.

ಮೂರನೇ ದಿನ ಮೇಷ್ಟರನ್ನು ಕರೆಸಿ ತಕರಾರು ಅರ್ಜಿ ಬರೆಸಿದ. ಜಮೀನು ಕೂಡುಕುಟುಂಬದ್ದು, ಹೆಂಡತಿಗೆ ಕೊಡುವ ಹಕ್ಕಿಲ್ಲ ಎಂದು. ಕೋಟು ಹಾಕಿಕೊಂಡು, ರುಮಾಲನ್ನು ತಾನೇ ವಕ್ರವಾಗಿ ಸುತ್ತಿಕೊಂಡು ನರಸೀಪುರಕ್ಕೆ ಹೊರಟ. ಸುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಏನಾದರೂ ಕೇಳಿಯಾಳೆಂದು ಅವನು ಚಪ್ಪಲಿ ಮೆಟ್ಟುವುದನ್ನು ನಿಧಾನ ಮಾಡಿದ. ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು.

ಕಚೇರಿಯ ಪಡಸಾಲೆಯಲ್ಲಿ ಚಿಕ್ಕಮಾದು ಸಿಕ್ಕ. ಹೆಡತಲೆಯಿಂದ ಬಂದು ಇದೇ ತಾಲ್ಲೂಕಿನಲ್ಲಿ ಎರಡೆಕರೆ ಹೊಲ ಕೊಂಡು, ಖಾತೆಗಾಗಿ ಹದಿನಾಲ್ಕು ಸಲ ಮುದ್ದೆ ಉಂಡವನು ಅವನೇ. ಖಾತೆಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾ, ಆಯ್ತು ಸಾ. ಇವತ್ತು ಕೈಗೆ ಬಂತು." ಅವನು ಸುತ್ತ ಕೂತವರಿಗೆಲ್ಲ ಹೇಳಿದ. "ಇವ್ರೇ ಕಣ್ರಪ್ಪ ಬೆಟ್ಟಯ್ಯನೋರು. ನಾನು ಆಚೆ ತಾಲ್ಲೂಕಿನೋನು, ಇಲ್ಲಿ ನಂಗ್ಯಾರೂ ಇರ್ನಿಲ್ಲ. ಇವ್ರು ಮಾತಾಡಿದ್ಕೆ ನನ್ನ ವೊಲ ನಂದಾಯ್ತು." ಆಮೇಲೆ ಬೆಟ್ಟಯ್ಯನ ಕೈಯಲ್ಲಿದ್ದ ಕಾಗದ ನೋಡಿ ಕೇಳಿದ. "ನೀವ್ಯಾರಿಗೆ ಸಾ ಖಾತೆ ಮಾಡಿಸ್ತಾ ಇದ್ದೀರಿ?"

ಬೆಟ್ಟಯ್ಯ ಕಾಗದವನ್ನು ಬೆನ್ನ ಹಿಂದಕ್ಕೆ ಹಿಡಿದ. "ಮಗಳಿಗೆ," ಎಂದ. ಹಾಗೆ ಅಂದಾದ ಮೇಲೆ ಆ ಕಾಗದವನ್ನು ಒಳಗೆ ಕೊಡಲು ಅವನಿಗೆ ಮೊಗ ಉಳಿಯಲಿಲ್ಲ. ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡು ಊರ ದಾರಿ ಹಿಡಿದ.

ಮನೆಯಲ್ಲಿ ಶಿವಣ್ಣ ಕೇಳಿದ. "ತಕರಾರು ಕೊಟ್ರಾ?"

"ಇಲ್ಲ ಕಣ್ಲಾ. ಎಸರಿಗೆ ಇಟ್ಟಿದ್ರೆ ಒಂದ್ ಮುದ್ದೆ ಹಾಕಕ್ಕೆ ಯೋಳು."

ಖಾತೆ ಆಯಿತು. ಮಾರ್ಗಶಿರದಲ್ಲಿ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರು. ಬೆಟ್ಟಯ್ಯ ಹೋಗಿ, ಕಣ್ಣಿಗೆ ಸಣ್ಣಕ್ಷರ ಹತ್ತದೆ, ಶಿವಣ್ಣನಿಂದ ಎರಡು ಸಲ ಓದಿಸಿದ. ಅವನ ಹೆಸರಿರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಮೂರನೇ ಸಲ ಓದು ಎಂದ. ಶಿವಣ್ಣ ಗೊಣಗದೆ ಓದಿದ.

ಅದೇ ವಾರ ತಾಂಡವಪುರದ ಗಾಡಿ ಬಂತು. ಮಗನ ಜೊತೆ ಚೆಲುವಯ್ಯ ತಾನೇ ಬಂದಿದ್ದ. ಮಾತು ಬೆಳೆಸದೆ ಅವರೆಕಾಳಿನ ಸಾರಿನಲ್ಲಿ ಎರಡು ಮುದ್ದೆ ಉಂಡ. ಏಳುವಾಗ, "ಬೀಗ್ರೆ, ನಾನೂ ಸ್ವಲ್ಪ ಬಿರುಸಾದೆ," ಎಂದ.

"ನಾನು ಸಡಿಲಾದ್ದಕ್ಕೆ ನೀವು ಬಿರುಸಾದ್ರಿ. ಬುಡಿ," ಎಂದು ಬೆಟ್ಟಯ್ಯ ಎಲೆ ಅಡಿಕೆಯ ತಟ್ಟೆ ಮುಂದೆ ತಳ್ಳಿದ.

ಸಣ್ಣತಾಯಮ್ಮ ಮಗಳಿಗೆ ಮಡಿಲಕ್ಕಿ ತುಂಬಿದಳು. ಇಬ್ಬರೂ ಅತ್ತರು, ಕೆಂಪಾಜಮ್ಮನೂ ಅತ್ತಳು. ಸುಬ್ಬಿ ಅಪ್ಪನ ಕಾಲಿಗೆ ಬಿದ್ದು ಎದ್ದು, "ನನ್ನಿಂದ ನಿಮ್ಮ ಮೆಂಬರ್‌ಗಿರಿ ವೋಯ್ತು ಅಪ್ಪಯ್ಯ," ಎಂದಳು.

ಬೆಟ್ಟಯ್ಯ ಮೊಮ್ಮಗನ ಕುಲಾವಿಯ ದಾರ ಬಿಗಿ ಮಾಡುತ್ತಾ ನಿಂತಿದ್ದ. "ಬರೋ ದಸರಾಕ್ಕೆ ಇವನ್ನ ಕರ್ಕಂಡು ಬಾ ಕಣವ್ವ," ಎಂದ. "ನಾನು ಮನೇಲೇ ಇರ್ತೀನಿ."

ಗಾಡಿ ಕೆರೆ ಏರಿ ಹತ್ತಿ ಮರೆಯಾಯಿತು. ಅವನು ಹಿಂದಿರುಗಿ ಬಂದಾಗ ಜಗಲಿಯ ಮುಂದೆ ಯಾವನೋ ಹೊಸಬ ನಿಂತಿದ್ದ. ದೂರದಿಂದ ಬಂದವನಿರಬೇಕು, ಮೊಣಕಾಲ ತನಕ ಧೂಳಾಗಿತ್ತು.

"ಅಣ್ಣ, ಮೆಂಬರ್ ಬೆಟ್ಟಯ್ಯನೋರ ಮನೆ ಇದೇನಾ?"

"ಮೆಂಬರ್ರು ಈಗಿಲ್ಲ ಕಣಪ್ಪ. ಇದು ಸಣ್ಣತಾಯಿ ಮನೆ. ನಾನು ಅವಳ ಗಂಡ."

ಆತನಿಗೆ ಏನು ಮಾಡುವುದೋ ತಿಳಿಯಲಿಲ್ಲ. "ನಮ್ಮೂರ ಕೆರೆ ತೂಬಿನ ವಿಷ್ಯ ಇತ್ತು," ಎಂದ.

"ತೂಬು ಇರ್ಲಿ. ಚಪ್ಪಲಿ ಬುಟ್ಟು ಮೇಲಕ್ಕೆ ಬಾ. ಉಂಡ್ಕಂಡು ಓಗು."

ಒಳಗೆ ಒಲೆಯ ಮುಂದೆ ಕೂತಿದ್ದ ಕೆಂಪಾಜಮ್ಮನಿಗೆ ಅದು ಕೇಳಿಸಿತು. "ಮೆಂಬರ್‌ಗಿರಿ ವೋಯ್ತು, ಮುದ್ದೆ ಮಾತ್ರ ವೋಗ್ನಿಲ್ಲ," ಎಂದು ಬೈದುಕೊಳ್ಳುತ್ತಾ ಅವಳು ಇನ್ನೊಂದು ಬೊಗಸೆ ಹಿಟ್ಟಿಗೆ ಕೈ ಹಾಕಿದಳು.